ಡೆತ್ ವ್ಯಾಲಿಗೆ ಒಂದೇ ದಿನ: ಪಟ್ಟಿ ಬಿಟ್ಟು ಒಂದು ಕ್ಯಾನಿಯನ್ ನಡೆದು ಬಂದೆವು

ಸಾಗರದವನು · ಜನವರಿ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಇಲ್ಲೇ ಕೇಳಿದ್ದೆ, ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ಗೆ ಒಂದೇ ದಿನ ಸಿಗುತ್ತದೆ, ಏನೇನು ನೋಡಲಿ ಅಂತ. ನೀವೆಲ್ಲ ಸೇರಿ ಹದಿನಾಲ್ಕು ಜಾಗದ ಪಟ್ಟಿ ಕೊಟ್ಟಿರಿ. ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಕೊನೆಗೆ ನೋಡಿದ್ದು ಮೂರೇ ಜಾಗ. ಬೇಜಾರು ಮಾಡಿಕೊಳ್ಳಬೇಡಿ. ಮೂರು ನೋಡಿದ್ದೇ ಸರಿಯಾಯಿತು ಅಂತ ನನಗೆ ಈಗ ಅನಿಸುತ್ತಿದೆ.

ನಾವು ಐದು ಜನ. ನಾನು, ನನ್ನಾಕೆ, ಒಂಬತ್ತು ವರ್ಷದ ಮಗ, ಊರಿಂದ ಬಂದಿರುವ ಅತ್ತೆ ಮಾವ. ಮಾವನಿಗೆ 68. ತೋಟದಲ್ಲಿ ದಿನಾ ಓಡಾಡುವ ಕಾಲು, ನನಗಿಂತ ಗಟ್ಟಿ. ಲಾಸ್ ವೇಗಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಹೋಗೋಕೇ ಎರಡು ಗಂಟೆ ಚಿಲ್ಲರೆ. ನಾವು ಹಿಂದಿನ ರಾತ್ರಿಯೇ ಪರಂಪ್‌ಗೆ ಬಂದು ಮಲಗಿದೆವು. ಅಲ್ಲಿಂದ ಒಂದು ಗಂಟೆ ಸ್ವಲ್ಪ ಮೇಲೆ. ಬೆಳಗ್ಗೆ ಐದೂವರೆಗೆ ಹೊರಟೆವು. ಮರುಭೂಮಿ ಅಂತ ಹೇಳಿ ಕರೆದುಕೊಂಡು ಬಂದು ಚಳಿಯಲ್ಲಿ ಕೊಲ್ಲುತ್ತಿದ್ದೀಯಲ್ಲ ಮಾರಾಯ ಅಂತ ಮಾವ ಮಂಕಿ ಕ್ಯಾಪ್ ಎಳೆದುಕೊಂಡರು.

ಮೊದಲು ಝಬ್ರಿಸ್ಕಿ ಪಾಯಿಂಟ್ ಅನ್ನುವ ಎತ್ತರದ ಕಟ್ಟೆ. ಏಳು ಗಂಟೆ ಹೊತ್ತಿಗೆ ಸೂರ್ಯ ನಮ್ಮ ಬೆನ್ನ ಹಿಂದೆ ಬಂದ. ಎದುರಿಗೆ ದೂರದ ಪ್ಯಾನಮಿಂಟ್ ಬೆಟ್ಟಗಳ ನೆತ್ತಿ ಮೊದಲು ಗುಲಾಬಿ ಆಯಿತು. ಬೆಳಕು ಮೆಲ್ಲಗೆ ಇಳಿಯುತ್ತಾ ಬಂದು ನಮ್ಮ ಕಾಲ ಕೆಳಗಿನ ಮಣ್ಣು ಗುಡ್ಡಗಳಿಗೆ ತಾಗಿತು. ಹಳದಿ, ಬೂದು, ನಡುವೆ ಚಾಕಲೇಟ್ ಬಣ್ಣದ ಪಟ್ಟೆ. ಸುತ್ತ ನಲವತ್ತು ಟ್ರೈಪಾಡ್. ಮಾವ ಮಾತ್ರ ಒಂದೇ ಮಾತು ಹೇಳಿದರು, "ಇದು ನೀರು ಮಾಡಿದ ಕೆಲಸ, ಹೊಸ ಧರೆ ಕಡಿದಾಗ ಮೊದಲ ಮಳೆಗೆ ಹೀಗೇ ಆಗುತ್ತೆ." ನಾನು ಗಾಳಿ ಇರಬೇಕು ಅಂದೆ. ಅವರು ಸುಮ್ಮನಾದರು.

ಅಲ್ಲಿಂದ ಹತ್ತು ನಿಮಿಷ, ಗೋಲ್ಡನ್ ಕ್ಯಾನಿಯನ್. ಕಾರು ನಿಲ್ಲಿಸುವ ಜಾಗವೇ ಸಮುದ್ರ ಮಟ್ಟಕ್ಕಿಂತ ಕೆಳಗೆ ಇದೆ. ಟಾಯ್ಲೆಟ್ ಇದೆ, ಕುಡಿಯುವ ನೀರಿಲ್ಲ. ಕ್ಯಾನಿಯನ್ ಬಾಯಿ ಅಂದರೆ ಎರಡು ಗೋಡೆಗಳ ನಡುವೆ ಒಂದು ಒಣ ಹಳ್ಳ, ಕಾಲ ಕೆಳಗೆ ಜಲ್ಲಿ. ಒಳಗೆ ಐದು ನಿಮಿಷ ನಡೆಯುವುದರೊಳಗೆ ಮಗ ಕೂಗಿದ, "ಅಪ್ಪಾ, ಇಲ್ಲಿ ರೋಡು!" ನಿಜವಾಗಿಯೂ ಟಾರು. ಒಂದು ದೊಡ್ಡ ತುಂಡು, ಕೆಳಗಿನ ಜಲ್ಲಿ ಕೊಚ್ಚಿ ಹೋಗಿ, ಬದಿಗೆ ಅಂಟಿಕೊಂಡು ಅರ್ಧ ಗಾಳಿಯಲ್ಲಿ ನಿಂತಿದೆ. ಮೊದಲು ಇದರೊಳಗೆ ಕಾರೇ ಹೋಗುತ್ತಿತ್ತಂತೆ. 1976ರ ಫೆಬ್ರವರಿಯಲ್ಲಿ ನಾಲ್ಕು ದಿನ ಮಳೆ ಹಿಡಿಯಿತು, ರಸ್ತೆ ಹೋಯಿತು. ಮತ್ತೆ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಮಾವ ನನ್ನ ಮುಖ ನೋಡಿದರು. ಗಾಳಿ ಅಂದಿದ್ದೆನಲ್ಲ, ಅದಕ್ಕೆ.

ಇನ್ನೂ ಸ್ವಲ್ಪ ಮುಂದೆ ಒಂದು ಕಲ್ಲಿನ ಹಾಸು ಬಹುತೇಕ ನೆಟ್ಟಗೆ ಎದ್ದು ನಿಂತಿದೆ. ಅದರ ಮೈಮೇಲೆ ಅಲೆಗಳ ಗುರುತು. ಕೆರೆ ದಂಡೆಯಲ್ಲಿ ನೀರು ಹಿಂದೆ ಸರಿದ ಮೇಲೆ ಮರಳಿನ ಮೇಲೆ ಸಣ್ಣ ಸಣ್ಣ ಗೆರೆ ಉಳಿಯುತ್ತವಲ್ಲ, ಅದೇ. ಮಗ ಬೆರಳು ಆಡಿಸಿ ನೋಡಿದ. ಇಲ್ಲಿ ಒಂದು ಕಾಲಕ್ಕೆ ಕೆರೆ ಇತ್ತು, ಅದರ ತಳ ಕಲ್ಲಾಯಿತು, ಕಲ್ಲು ಓರೆಯಾಗಿ ಎದ್ದು ಗೋಡೆಯಾಯಿತು. ಕಾರಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಇದು ಯಾವುದೂ ಕಾಣುವುದಿಲ್ಲ. ಆಗಲೇ ಪಟ್ಟಿಯನ್ನು ಮಡಚಿ ಜೇಬಿನ ತಳಕ್ಕೆ ತಳ್ಳಿದೆ.

ಒಂದು ಮೈಲಿ ಆದ ಮೇಲೆ ದಾರಿ ಕವಲೊಡೆಯುತ್ತದೆ. ನೆಟ್ಟಗೆ ಇನ್ನರ್ಧ ಮೈಲಿ ಹೋದರೆ ರೆಡ್ ಕ್ಯಾಥೀಡ್ರಲ್, ತುಕ್ಕು ಬಣ್ಣದ ಎತ್ತರದ ಗೋಡೆ. ಅದು ನಿಜವಾಗಿಯೂ ತುಕ್ಕೇ, ಕಲ್ಲಿನೊಳಗಿನ ಕಬ್ಬಿಣದ್ದು. ಅದನ್ನು ನೋಡಿ ವಾಪಸ್ ಕವಲಿಗೆ ಬಂದೆವು. ಅತ್ತೆಗೆ ಇಷ್ಟು ಸಾಕು ಅನಿಸಿತು. ನನ್ನಾಕೆ ಅವರನ್ನು ಕರೆದುಕೊಂಡು ಕಾರಿನ ಕಡೆ ಹೊರಟಳು. ಮಾವ, ಮಗ, ನಾನು ಇನ್ನೊಂದು ದಾರಿ ಹಿಡಿದೆವು. ಮ್ಯಾನ್ಲಿ ಬೀಕನ್ ಅನ್ನುವ ಚೂಪು ಗುಡ್ಡದ ಬುಡದಲ್ಲಿ ಹತ್ತಿ, ಆ ಕಡೆ ಗೋವರ್ ಗಲ್ಚ್ ಅನ್ನುವ ಇನ್ನೊಂದು ಹಳ್ಳಕ್ಕೆ ಇಳಿದು, ಸುತ್ತು ಹಾಕಿ ಬರುವ ದಾರಿ. ಒಟ್ಟು ಸುತ್ತು 4.3 ಮೈಲಿ, ಅಂದರೆ ಏಳು ಕಿಲೋಮೀಟರ್. ರೆಡ್ ಕ್ಯಾಥೀಡ್ರಲ್ ಬೇರೆ ಲೆಕ್ಕ.

ಇಲ್ಲಿ ಎರಡು ತಪ್ಪಾದವು. ಒಂದು, ಗುಡ್ಡಗಳ ನಡುವಿನ ಕವಲಿನಲ್ಲಿ ಫಲಕ ನೋಡದೆ ಝಬ್ರಿಸ್ಕಿ ಕಡೆಗೇ ಇಪ್ಪತ್ತು ನಿಮಿಷ ಏರಿದೆವು. ಬೆಳಗ್ಗೆ ನಿಂತಿದ್ದ ಕಟ್ಟೆ ಕಂಡಾಗ ಗೊತ್ತಾಯಿತು. ಎರಡನೆಯದು ಗೋವರ್ ಗಲ್ಚ್ ನಡುವೆ ಗೊತ್ತಾಯಿತು. ನೀರಿನ ಬಾಟಲಿ ತೆಗೆಯೋಣ ಅಂತ ಜೇಬಿಗೆ ಕೈ ತಾಗಿತು. ಕಾರಿನ ಕೀಲಿ ನನ್ನ ಜೇಬಿನಲ್ಲೇ ಇದೆ! ಚಿತ್ರಾನ್ನ ಕಾರಿನಲ್ಲಿ, ಮೊಸರನ್ನ ಕಾರಿನಲ್ಲಿ, ಅತ್ತೆಯ ಮಾತ್ರೆ ಕಾರಿನಲ್ಲಿ. ಫೋನ್ ಮಾಡೋಣ ಅಂದರೆ ಸಿಗ್ನಲ್ ಅನ್ನುವುದೇ ಇಲ್ಲ.

ಗೋವರ್ ಗಲ್ಚ್ ಕೊನೆಯಲ್ಲಿ ಹಳ್ಳ ಇದ್ದಕ್ಕಿದ್ದ ಹಾಗೆ ಮುಗಿದು ಮೂವತ್ತು ಅಡಿ ಕೆಳಗೆ ಬೀಳುತ್ತದೆ. ಬಲಗಡೆ ಬಂಡೆ ಅಂಚಿನಲ್ಲಿ ಕಿರಿದಾದ ಕಾಲುದಾರಿ. ಮಾವ ಅಲ್ಲೇ ನಿಂತು ಕೆಳಗೆ ಇಣುಕಿದರು. "ಅಬ್ಬಿ ಇದೆ, ನೀರಿಲ್ಲ ನೋಡು," ಅಂದರು. ನಾನು ಕೀಲಿ ಚಿಂತೆಯಲ್ಲಿ ಓಡಿಸುತ್ತಿದ್ದೆ, ಅವರು ಐದು ನಿಮಿಷ ಅಲ್ಲಿಂದ ಕದಲಲಿಲ್ಲ.

ಕಾರಿನ ಹತ್ತಿರ ಬಂದಾಗ ಹನ್ನೆರಡೂವರೆ. ಪಕ್ಕದ ಕಾರಿನ ಯಾವುದೋ ಕುಟುಂಬದವರು ಅತ್ತೆಗೆ ಮಡಚುವ ಕುರ್ಚಿ ಕೊಟ್ಟು, ಕಿತ್ತಳೆ ಸುಲಿದು ಕೊಟ್ಟಿದ್ದರು. ಒಬ್ಬರಿಗೆ ಒಬ್ಬರ ಭಾಷೆ ಬರದೆ ಎರಡು ಗಂಟೆ ಮಾತಾಡಿದ್ದಾರೆ. ನನ್ನಾಕೆ ನನ್ನ ಹತ್ತಿರ ಮಾತಾಡಲಿಲ್ಲ.

ಊಟ ಆದ ಮೇಲೆ ಉಪ್ಪಿನ ಬಯಲು ಬ್ಯಾಡ್‌ವಾಟರ್. ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ತಗ್ಗಿನ ಜಾಗ. ಹಿಂದಿನ ಬೆಟ್ಟದ ಮೈಮೇಲೆ ತಲೆ ಎತ್ತಿ ನೋಡುವಷ್ಟು ಮೇಲೆ, ಸಮುದ್ರ ಮಟ್ಟ ಇಲ್ಲಿಗೆ ಬರುತ್ತದೆ ಅಂತ ಒಂದು ಬಿಳಿ ಫಲಕ. ಜನ ಎಲ್ಲ ಮೊದಲ ನೂರು ಗಜದಲ್ಲೇ ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ಅಲ್ಲಿ ಉಪ್ಪು ತುಳಿದು ತುಳಿದು ಸಿಮೆಂಟ್ ನೆಲದ ಹಾಗೆ ಆಗಿದೆ. ಅರ್ಧ ಗಂಟೆ ಒಳಗೆ ನಡೆದರೆ ಬೇರೆ ಲೋಕ. ಜೇನುಗೂಡಿನ ಕೋಣೆಗಳ ಹಾಗೆ ಗೆರೆಗಳು, ಒಂದೊಂದು ಕೋಣೆ ಚಾಪೆಯಷ್ಟು ಅಗಲ, ಅಂಚಿನಲ್ಲಿ ಉಪ್ಪು ಸಣ್ಣ ದಿಣ್ಣೆಯಾಗಿ ಎದ್ದಿದೆ. ಬಗ್ಗಿ ನೋಡಿದರೆ ಅದರ ಮೇಲೆ ಕೂದಲಿನಷ್ಟು ಸಣ್ಣ ಬಿಳಿ ಎಳೆಗಳು. ಮಗ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವಿಚಿದ. ಅತ್ತೆಯೂ ಒಂದು ಚಿಟಿಕೆ ನೋಡಿದರು. "ಸ್ವಲ್ಪ ಕಹಿ ಇದೆ, ಉಪ್ಪಿನಕಾಯಿಗೆ ಆಗಲ್ಲ."

ಇಷ್ಟೇ. ಸಂಜೆ ಕತ್ತಲಾಗುವ ಮೊದಲು ಹೊರಟೆವು. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ದಿನ ಇದ್ದವರು ಒಂದು ಕ್ಯಾನಿಯನ್ ಆರಿಸಿಕೊಂಡು ತುದಿಯಿಂದ ತುದಿಗೆ ನಡೆಯಿರಿ. ಉಳಿದದ್ದು ಬಿಟ್ಟರೂ ಪರವಾಗಿಲ್ಲ.

ಬಿಸಿಲುಕುದುರೆ · ಜನವರಿ 3, ರಾತ್ರಿ 10:15

ಕೀಲಿ ಕಥೆ ನಮ್ಮ ಮನೆಯಲ್ಲಿ ಎರಡು ಸಲ ಜೋರಾಗಿ ಓದಿದೆವು. ನಿಮ್ಮವರು ಈಗ ಮಾತಾಡುತ್ತಿದ್ದಾರಾ?

ಆದರೆ ನಿಮ್ಮ ಆಯ್ಕೆ ನಾನು ಒಪ್ಪುವುದಿಲ್ಲ. ಒಂದೇ ಕ್ಯಾನಿಯನ್ ಅಂದರೆ ಅದು ಮೊಸಾಯಿಕ್ ಕ್ಯಾನಿಯನ್. ಅದನ್ನು ಬಿಟ್ಟು ಬಂದದ್ದು ಸಾಗರಕ್ಕೆ ಹೋಗಿ ಜೋಗ ನೋಡದೆ ಬಂದ ಹಾಗೆ. ಸ್ಟೋವ್‌ಪೈಪ್ ವೆಲ್ಸ್ ಹತ್ತಿರ ಎರಡೂಕಾಲು ಮೈಲಿ ಮಣ್ಣು ರಸ್ತೆ, ಸಾಮಾನ್ಯ ಕಾರು ಮೆಲ್ಲಗೆ ಹೋಗುತ್ತದೆ, ಹೊಟ್ಟೆ ಮಾತ್ರ ಕಲಸುತ್ತದೆ. ಒಳಗೆ ಹೋದ ಕೂಡಲೇ ಗೋಡೆಗಳು ಹತ್ತಿರ ಬರುತ್ತವೆ. ಎರಡೂ ಕೈ ಚಾಚಿದರೆ ಎರಡೂ ಕಡೆ ಅಮೃತಶಿಲೆ. ಮನೆಯ ಗ್ರಾನೈಟ್ ಕಟ್ಟೆಯ ಹಾಗೆ ನುಣುಪು, ಬೆಳಗ್ಗೆ ಮುಟ್ಟಿದರೆ ತಣ್ಣಗೆ. ಕೆಲವು ಕಡೆ ಗೋಡೆಯಲ್ಲಿ ಬೇರೆ ಬೇರೆ ಬಣ್ಣದ ಕಲ್ಲು ಚೂರುಗಳನ್ನು ಗಾರೆಯಲ್ಲಿ ಒತ್ತಿ ಕೂರಿಸಿದ ಹಾಗೆ ಇದೆ. ನಮ್ಮ ಹಳೇ ಮನೆಗಳಲ್ಲಿ ಒಡೆದ ಟೈಲ್ಸ್ ಹಾಕಿ ನೆಲ ಮಾಡುತ್ತಿದ್ದರಲ್ಲ, ಥೇಟ್ ಅದೇ. ಹೆಸರೂ ಅದರಿಂದಲೇ ಬಂದದ್ದು.

ಹೋಗಿ ಬರುವುದು ಒಟ್ಟು ನಾಲ್ಕು ಮೈಲಿ. ಪೂರ್ತಿ ಹೋಗಲೇಬೇಕು ಅಂತಿಲ್ಲ. ಮೊದಲ ಅರ್ಧ ಮೈಲಿಯಲ್ಲೇ ಒಳ್ಳೆಯದೆಲ್ಲ ಸಿಗುತ್ತದೆ. ಆಮೇಲೆ ಅಗಲವಾಗುತ್ತದೆ, ಬಿಸಿಲು, ಸ್ವಲ್ಪ ಬೋರು. ಮತ್ತೆ ಕಿರಿದಾಗಿ ಕೊನೆಗೆ ನಿಮ್ಮ ಮಾವನವರು ಹೇಳಿದ ನೀರಿಲ್ಲದ ಅಬ್ಬಿಯೇ ಎದುರಾಗುತ್ತದೆ.

ಸಾಗರದವನು · ಜನವರಿ 3, ರಾತ್ರಿ 10:22

ಮಾತಾಡುತ್ತಿದ್ದಾಳೆ. ಕೀಲಿ ಅನ್ನುವ ಪದ ಬಂದಾಗ ಮಾತ್ರ ನಿಲ್ಲಿಸುತ್ತಾಳೆ.

ಮೊಸಾಯಿಕ್ ಆಸೆ ಇತ್ತು. ಆದರೆ ಗೋಲ್ಡನ್ ಕ್ಯಾನಿಯನ್ ಸುತ್ತು ಬರುವ ದಾರಿ, ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ಅದು ನನಗೆ ದೊಡ್ಡ ವಿಷಯ.

ಕಲ್ಲುಬಂಡೆ · ಜನವರಿ 4, ಬೆಳಗ್ಗೆ 6:50

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನೀವು ಹೇಳಿದ್ದು ತಪ್ಪು. ಕಾಲೇಜಿನಲ್ಲಿ ಓದಿದ್ದು ಭೂವಿಜ್ಞಾನ, ಹೊಟ್ಟೆಪಾಡಿಗೆ ಮಾಡುತ್ತಿರುವುದು ಸಾಫ್ಟ್‌ವೇರ್. ಹಾಗಾಗಿ ಇಂಥ ಅವಕಾಶ ಸಿಕ್ಕರೆ ಬಿಡುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 50 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನಕ್ಕೆ ಅಷ್ಟು ಬರುತ್ತದೆ. ಯಾಕೆ ಇಷ್ಟು ಕಡಿಮೆ? ನಮ್ಮಲ್ಲಿ ಸಹ್ಯಾದ್ರಿ ಮೋಡವನ್ನು ತಡೆದು ಆ ಕಡೆಯೇ ಹಿಂಡಿಬಿಡುತ್ತದೆ, ಚಳ್ಳಕೆರೆ ಒಣಗುತ್ತದೆ. ಇಲ್ಲಿ ಪೆಸಿಫಿಕ್‌ನಿಂದ ಬರುವ ಮೋಡ ಒಂದಲ್ಲ, ಸಾಲು ಸಾಲು ಬೆಟ್ಟ ದಾಟಬೇಕು. ಸಿಯೆರಾ ನೆವಾಡಾ ಅದರಲ್ಲಿ ಒಂದು, ಕೊನೆಯದು ನೀವು ಬೆಳಗ್ಗೆ ನೋಡಿದ ಪ್ಯಾನಮಿಂಟ್. ಅದರಲ್ಲಿ ಟೆಲಿಸ್ಕೋಪ್ ಪೀಕ್ ಒಂದೇ 11,049 ಅಡಿ. ಕಣಿವೆಗೆ ಬರುವಷ್ಟರಲ್ಲಿ ಮೋಡದಲ್ಲಿ ಏನೂ ಉಳಿದಿರುವುದಿಲ್ಲ.

ಆದರೂ ಕೊರೆದದ್ದು ನೀರೇ. ನಮ್ಮ ಮಲೆನಾಡಿನಲ್ಲಿ ಮರ ಇದೆ, ಹುಲ್ಲಿದೆ, ಬೇರು ಮಣ್ಣನ್ನು ಹಿಡಿದಿಡುತ್ತದೆ. ಸುರಿದ ಮಳೆಯಲ್ಲಿ ಎಷ್ಟೋ ಪಾಲು ನೆಲಕ್ಕೆ ಇಂಗುತ್ತದೆ. ಅಲ್ಲಿ ಹಿಡಿದಿಡುವುದು ಏನೂ ಇಲ್ಲ. ಬಿದ್ದ ನೀರೆಲ್ಲ ಬೋಳು ಇಳಿಜಾರಿನಲ್ಲಿ ಒಂದೇ ಸಲ ಹಳ್ಳಕ್ಕೆ ಬರುತ್ತದೆ, ಕಲ್ಲು, ಜಲ್ಲಿ, ಕೆಸರು ಎಲ್ಲ ಹೊತ್ತುಕೊಂಡು. ಅದು ನೀರು ಅನ್ನುವುದಕ್ಕಿಂತ ಓಡುವ ಕಾಂಕ್ರೀಟ್. ಕ್ಯಾನಿಯನ್ ಬಾಯಿ ದಾಟಿದ ಮೇಲೆ ಜಾಗ ಸಿಗುತ್ತದೆ, ವೇಗ ಕಡಿಮೆಯಾಗುತ್ತದೆ, ಹೊತ್ತದ್ದನ್ನೆಲ್ಲ ಬೀಸಣಿಗೆಯ ಹಾಗೆ ಹರಡಿ ಬಿಡುತ್ತದೆ. ಬ್ಯಾಡ್‌ವಾಟರ್ ರಸ್ತೆಯಲ್ಲಿ ಹೋಗುವಾಗ ಪ್ರತಿ ಕ್ಯಾನಿಯನ್ ಎದುರು ರಸ್ತೆ ಮೆಲ್ಲಗೆ ಏರಿ ಇಳಿಯುತ್ತದಲ್ಲ, ನೀವು ಹತ್ತುತ್ತಿರುವುದು ಆ ಬೀಸಣಿಗೆಯನ್ನೇ.

ಗೋವರ್ ಗಲ್ಚ್‌ಗೆ ಇನ್ನೊಂದು ಕಥೆ ಇದೆ. ಝಬ್ರಿಸ್ಕಿ ಪಕ್ಕದಲ್ಲಿ ಹರಿಯುವ ದೊಡ್ಡ ಹಳ್ಳ ಮೊದಲು ನೇರವಾಗಿ ಕಣಿವೆಯೊಳಗಿನ ಸಣ್ಣ ಊರು ಫರ್ನೇಸ್ ಕ್ರೀಕ್ ಕಡೆ ಇಳಿಯುತ್ತಿತ್ತು. ಅಲ್ಲಿನ ಕಟ್ಟಡಗಳಿಗೆ ಪ್ರವಾಹದ ಕಾಟ. 1941ರಲ್ಲಿ ಬಂಡೆ ಕಡಿದು ಆ ಹಳ್ಳದ ನೀರನ್ನು ಗೋವರ್ ಗಲ್ಚ್‌ಗೆ ತಿರುಗಿಸಿದರು. ಸಣ್ಣ ಹಳ್ಳಕ್ಕೆ ದೊಡ್ಡ ಹಳ್ಳದ ನೀರು. ಅಲ್ಲಿಂದ ಗೋವರ್ ಗಲ್ಚ್ ತನ್ನನ್ನೇ ಕೊರೆದುಕೊಂಡು ಆಳವಾಗುತ್ತಾ, ಅಗಲವಾಗುತ್ತಾ ಬಂದಿದೆ. ಮನುಷ್ಯ ಒಂದು ಕಾಲುವೆ ತಿರುಗಿಸಿದ್ದಕ್ಕೆ ಏನಾಯಿತು ಅಂತ ಎಂಬತ್ತು ವರ್ಷದಲ್ಲೇ ಕಣ್ಣಿಗೆ ಕಾಣುತ್ತದೆ. ನೀವು ಅದರೊಳಗೆ ಕೀಲಿ ಚಿಂತೆ ಮಾಡುತ್ತಾ ನಡೆದಿರಿ, ಪಾಪ.

ಜೋಳದರೊಟ್ಟಿ · ಜನವರಿ 4, ಬೆಳಗ್ಗೆ 9:05

ಒಳ್ಳೆಯ ಕಾಲದಲ್ಲಿ ಹೋಗಿದ್ದೀರಿ. ನಾವು ಜೂನ್‌ನಲ್ಲಿ ಹೋಗಿದ್ದೆವು. ಯಾರೂ ಹಾಗೆ ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ನಾನು ವಿಜಯಪುರದವನು. ಬಿಸಿಲು ಅಂದರೆ ನಮಗೆ ಹೊಸದಲ್ಲ, 42 ಡಿಗ್ರಿಯಲ್ಲಿ ಕ್ರಿಕೆಟ್ ಆಡಿದವರು. ಆ ಜಂಬದಲ್ಲೇ ಬೆಳಗ್ಗೆ ಹನ್ನೊಂದು ಗಂಟೆಗೆ ಗೋಲ್ಡನ್ ಕ್ಯಾನಿಯನ್ ಮುಂದೆ ಕಾರು ನಿಲ್ಲಿಸಿದೆವು. ಬಾಗಿಲಲ್ಲೇ ಫಲಕ ಇದೆ, ಹತ್ತು ಗಂಟೆಯ ಮೇಲೆ ನಡೆಯಬೇಡಿ ಅಂತ, ಎಷ್ಟೋ ಭಾಷೆಯಲ್ಲಿ. ಓದಿದೆವು. ನಕ್ಕೆವು. ಕಾರಿನ ಮೀಟರ್ 118 ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಅಂದರೆ 48 ಡಿಗ್ರಿ.

ನಮ್ಮ ಊರಿನ ಬಿಸಿಲಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಬೆವರೇ ಕಾಣುವುದಿಲ್ಲ. ಬಂದ ಬೆವರು ಬಂದ ಹಾಗೇ ಆರಿ ಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ. ಹಾಗಾಗಿ ಮೈಯಲ್ಲಿನ ನೀರು ಖಾಲಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಇನ್ನೊಂದು, ಕ್ಯಾನಿಯನ್ ಗೋಡೆ ನೆರಳು ಕೊಡುತ್ತದೆ ಅಂದುಕೊಂಡಿದ್ದೆವು. ಆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ, ನೆರಳು ಎಲ್ಲಿಂದ ಬರಬೇಕು? ಎರಡೂ ಗೋಡೆ ಕಾದು ಒಲೆಯ ಪಕ್ಕ ನಿಂತ ಹಾಗೆ. ಹದಿನೈದು ನಿಮಿಷಕ್ಕೆ ಗೆಳೆಯ ಕೂತ. ಉತ್ತರ ಕೊಡುವ ಮಾತು ತೊದಲಿತು. ಆಗ ನಗು ನಿಂತಿತು. ಹೆಗಲು ಕೊಟ್ಟು ಕಾರಿಗೆ ತಂದು, ಎಸಿ ಹಾಕಿ, ಬಟ್ಟೆ ಒದ್ದೆ ಮಾಡಿ ಕುತ್ತಿಗೆಗೆ ಇಟ್ಟು, ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡ. ಅದೃಷ್ಟ, ಅಷ್ಟೇ.

ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ ಅನ್ನುವ ಧೈರ್ಯ ಬೇಡ. 120 ಫ್ಯಾರನ್‌ಹೀಟ್ ದಾಟಿದರೆ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ ಅವು ಹಾರುವುದೇ ಕಷ್ಟ. 2024ರ ಜುಲೈನಲ್ಲಿ ಒಂದು ಬೈಕ್ ಗುಂಪು ಬಿಸಿಲಿಗೆ ಸಿಕ್ಕಿದಾಗ ಹಾಗೇ ಆಯಿತು, ಒಬ್ಬರು ತೀರಿಕೊಂಡರು.

ಮಳೆಬಿಲ್ಲು · ಜನವರಿ 4, ಬೆಳಗ್ಗೆ 10:30

ಅಯ್ಯೋ, ಓದಿ ಕೈ ನಡುಗಿತು. ಪ್ರಪಂಚದಲ್ಲೇ ಅತಿ ಹೆಚ್ಚು ಬಿಸಿ ದಾಖಲಾದದ್ದು ಅಲ್ಲೇ ಅಲ್ವಾ?

ನನ್ನ ಪ್ರಶ್ನೆ ಬೇರೆ. ಅಮ್ಮ ಮಾರ್ಚ್‌ನಲ್ಲಿ ಬರುತ್ತಿದ್ದಾರೆ, ಮಂಡಿ ನೋವು. ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ನಡೆಯಬಲ್ಲರು, ಮೆಟ್ಟಿಲು ಆಗುವುದಿಲ್ಲ. ಅವರನ್ನು ಕಾರಿನಲ್ಲೇ ಕೂರಿಸಿ ನಾವು ಹೋಗುವುದಾದರೆ ಹೋಗುವುದೇ ಬೇಡ ಅನಿಸುತ್ತಿದೆ.

ಬಿಸಿಲುಕುದುರೆ · ಜನವರಿ 4, ಬೆಳಗ್ಗೆ 10:48

ಹೌದು, 1913ರ ಜುಲೈ 10ರಂದು ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ. ಆ ಕಾಲದ ಅಳತೆ ನಂಬೋ ಹಾಗಿಲ್ಲ ಅನ್ನುವ ಹವಾಮಾನ ತಜ್ಞರೂ ಇದ್ದಾರೆ, ಆದರೆ ದಾಖಲೆ ಇನ್ನೂ ಅದೇ. ಮಾರ್ಚ್‌ಗೆ ಹೆದರಬೇಡಿ, ಮೊದಲರ್ಧ ಆದರೆ ಹಿತವಾಗಿರುತ್ತದೆ.

ಅಮ್ಮನಿಗೆ ಬ್ಯಾಡ್‌ವಾಟರ್ ಖಂಡಿತ ಆಗುತ್ತದೆ, ಪೂರ್ತಿ ಸಮತಟ್ಟು. ಇಳಿಯುವ ಕಡೆ ಇಳಿಜಾರು ದಾರಿ ಇದೆ. ಹಾರ್ಮನಿ ಬೋರಾಕ್ಸ್ ಅನ್ನುವ ಹಳೇ ಕಾರ್ಖಾನೆ ಸುತ್ತ ಅರ್ಧ ಮೈಲಿಗೂ ಕಡಿಮೆ ಡಾಂಬರು ದಾರಿ. ಗೋಲ್ಡನ್ ಕ್ಯಾನಿಯನ್ ಒಳಗೂ ಮೊದಲ ಸ್ವಲ್ಪ ದೂರ ಹೋಗಬಹುದು. ಏರು ಕಡಿಮೆ, ಆದರೆ ಕಾಲ ಕೆಳಗೆ ಸಡಿಲ ಜಲ್ಲಿ, ಒಂದು ಕೋಲು ಕೊಡಿ. ಆರ್ಟಿಸ್ಟ್ಸ್ ಡ್ರೈವ್ ಕಾರಿನಲ್ಲೇ ಕೂತು ನೋಡುವ ಒಂಬತ್ತು ಮೈಲಿ ಒಮ್ಮುಖ ರಸ್ತೆ. ಬೆಟ್ಟದ ಮೈಮೇಲೆ ಹಸಿರು, ನೇರಳೆ, ಗುಲಾಬಿ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಮಧ್ಯಾಹ್ನದ ಮೇಲೆ ಹೋಗಿ, ಬೆಳಕು ಚೆನ್ನಾಗಿ ಬೀಳುತ್ತದೆ.

ಚಿನ್ನದಂಗಡಿ · ಜನವರಿ 4, ಮಧ್ಯಾಹ್ನ 1:12

ಬೋರಾಕ್ಸ್ ಅಂದರೆ ನಮ್ಮ ಬಿಳಿಗಾರ, ಗೊತ್ತಲ್ಲ? ನಮ್ಮ ಅಜ್ಜ ಅಕ್ಕಸಾಲಿಗರು. ಬೆಸುಗೆ ಹಾಕುವಾಗ ಕಲ್ಲಿನ ಮೇಲೆ ಬಿಳಿಗಾರವನ್ನು ನೀರು ಹಾಕಿ ತೇಯ್ದು ಹಚ್ಚುತ್ತಿದ್ದರು. ಬೆಂಕಿ ತಾಗಿದ ಕೂಡಲೇ ಅದು ಹಪ್ಪಳದ ಹಾಗೆ ಉಬ್ಬಿ, ಆಮೇಲೆ ಗಾಜಿನ ಹಾಗೆ ಕರಗಿ ಕೂರುತ್ತಿತ್ತು. ನಮಗೆ ಮಕ್ಕಳಿಗೆ ಅದೇ ಸಿನಿಮಾ.

ಹಾರ್ಮನಿಯಲ್ಲಿ ಆ ಮಣ್ಣಿನ ಗೋಡೆ, ತುಕ್ಕು ಹಿಡಿದ ಕಡಾಯಿ ನೋಡಿ ಅಜ್ಜನ ನೆನಪಾಯಿತು. 1883ರಿಂದ ಐದಾರು ವರ್ಷ ಇಲ್ಲಿಂದ ಬಿಳಿಗಾರ ಸಾಗಿಸಿದ್ದು ಹೇಸರಗತ್ತೆ ಗಾಡಿಗಳಲ್ಲಿ. ಇಪ್ಪತ್ತು ಹೇಸರಗತ್ತೆ ಅಂತ ಹೆಸರು, ನಿಜಕ್ಕೆ ಹದಿನೆಂಟು ಹೇಸರಗತ್ತೆ, ಎರಡು ಕುದುರೆ. ಮೊಹಾವಿ ಅನ್ನುವ ರೈಲು ನಿಲ್ದಾಣದವರೆಗೆ 165 ಮೈಲಿ. ಎರಡು ದೊಡ್ಡ ಗಾಡಿ, ಹಿಂದೆ ನೀರಿನ ಟ್ಯಾಂಕ್ ಒಂದು. ಎಲ್ಲ ಸೇರಿ 36 ಟನ್ ಮೇಲೆ. ಬೇಸಿಗೆಯಲ್ಲಿ ಬಿಳಿಗಾರ ಹರಳುಗಟ್ಟುತ್ತಲೇ ಇರಲಿಲ್ಲವಂತೆ, ಅಷ್ಟು ಸೆಕೆ, ಕೆಲಸವೇ ನಿಲ್ಲುತ್ತಿತ್ತು. ಗೋವರ್ ಗಲ್ಚ್‌ನಲ್ಲಿ ನೀವು ನೋಡಿರಬೇಕು, ಗೋಡೆಯಲ್ಲಿ ಬಿಳಿ ನರಗಳು, ಸಣ್ಣ ಗಣಿ ಬಾಯಿಗಳು. ಅದೇ ಸರಕು ಹುಡುಕಿದ ಗುರುತು.

ಸಾಗರದವನು · ಜನವರಿ 4, ಮಧ್ಯಾಹ್ನ 1:40

ನೋಡಿದೆವು! ಮಗ ಒಳಗೆ ಹೋಗುತ್ತೇನೆ ಅಂತ ಹಟ ಮಾಡಿದ. ಹಳೇ ಸುರಂಗ, ಯಾವಾಗ ಬೀಳುತ್ತದೋ ಗೊತ್ತಿಲ್ಲ, ಬೇಡ ಅಂದೆ. ಅವನಿಗೆ ಈ ಬಿಳಿಗಾರದ ಕಥೆ ಹೇಳುತ್ತೇನೆ.

ರಾತ್ರಿಪಾಳಿ · ಜನವರಿ 4, ಸಂಜೆ 5:20

ದುಡ್ಡು, ಪೆಟ್ರೋಲು, ಮ್ಯಾಪು. ಯಾರಾದರೂ ಸುಮ್ನೆ ನೇರವಾಗಿ ಹೇಳಿ. ಫೆಬ್ರವರಿ ಮೊದಲ ವಾರ ಹೋಗುತ್ತಿದ್ದೇವೆ.

ಸಾಗರದವನು · ಜನವರಿ 4, ಸಂಜೆ 5:55

ಒಂದು ಕಾರಿಗೆ 30 ಡಾಲರ್, ಏಳು ದಿನಕ್ಕೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ಗೇಟು ಅಂತ ಒಂದಿಲ್ಲ, ದಾರಿ ಬದಿಯ ಯಂತ್ರದಲ್ಲಿ ಕಟ್ಟಿ ಚೀಟಿ ಇಟ್ಟುಕೊಳ್ಳಬೇಕು.

ಪೆಟ್ರೋಲ್ ಪಾರ್ಕ್ ಒಳಗೆ ಸಿಗುತ್ತದೆ, ಬೆಲೆ ನೋಡಿದರೆ ಎದೆ ಒಡೆಯುತ್ತದೆ. ಪರಂಪ್ ಅಥವಾ ಬೀಟಿಯಲ್ಲಿ ಟ್ಯಾಂಕ್ ತುಂಬಿಸಿ. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ, ವಿಸಿಟರ್ ಸೆಂಟರ್‌ನಲ್ಲಿ ಕಾಗದದ್ದೂ ತೆಗೆದುಕೊಳ್ಳಿ. ಫೋನಿನ ಮ್ಯಾಪ್ ಹೇಳಿತು ಅಂತ ಗುರುತಿಲ್ಲದ ಮಣ್ಣು ದಾರಿಗೆ ಇಳಿಯಬೇಡಿ. ಹಾಗೆ ಹೋಗಿ ಸಿಕ್ಕಿಹಾಕಿಕೊಂಡು ಸತ್ತವರಿದ್ದಾರೆ, ಅದಕ್ಕೆ ಅಲ್ಲಿನ ರೇಂಜರ್‌ಗಳು ಜಿಪಿಎಸ್ ಸಾವು ಅಂತಲೇ ಹೆಸರಿಟ್ಟಿದ್ದಾರೆ.

ನೀರು: ನಾವು ಮೂವರು ಆರು ಲೀಟರ್ ಹೊತ್ತಿದ್ದೆವು, ಡಿಸೆಂಬರ್ ಚಳಿಯಲ್ಲೂ ನಾಲ್ಕೂವರೆ ಖಾಲಿ.

ಮೂಲೆಮನೆ · ಜನವರಿ 4, ರಾತ್ರಿ 8:10

ಎಲ್ಲರೂ ಸಾವಿನ ಕಣಿವೆ ಅಂತ ಹೇಳುತ್ತಾ ಹೋಗುತ್ತಿದ್ದೀರಿ. ಆ ಹೆಸರು 1849ರಲ್ಲಿ ಚಿನ್ನ ಹುಡುಕಿ ಹೊರಟು ದಾರಿ ತಪ್ಪಿದವರು ಇಟ್ಟದ್ದು. ಅವರು ಇದ್ದದ್ದು ಕೆಲವು ವಾರ. ಟಿಂಬಿಶಾ ಶೊಶೋನಿ ಅನ್ನುವ ಮೂಲನಿವಾಸಿ ಜನ ಅದಕ್ಕೂ ಎಷ್ಟೋ ಕಾಲ ಮೊದಲಿಂದ ಅಲ್ಲೇ ಇದ್ದಾರೆ. ಈಗಲೂ ಫರ್ನೇಸ್ ಕ್ರೀಕ್‌ನಲ್ಲಿ ಅವರ ಹಳ್ಳಿ ಇದೆ. ಚಳಿಗಾಲಕ್ಕೆ ಕಣಿವೆಯಲ್ಲಿ, ಬೇಸಿಗೆಗೆ ತಂಪಾದ ಬೆಟ್ಟದ ಮೇಲೆ, ಮೆಸ್ಕಿಟ್ ಅನ್ನುವ ಮರದ ಕಾಯಿ ಪುಡಿ ಮಾಡಿ ತಿಂದು ಬದುಕಿದವರು. 1933ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಮಾಡಿದಾಗ ಅವರನ್ನು ಯಾರೂ ಕೇಳಲಿಲ್ಲ. 2000ದಲ್ಲಿ ಕಾನೂನು ಬಂದು ಸ್ವಲ್ಪ ಭೂಮಿ ಅವರ ಕೈಗೆ ಸಿಕ್ಕಿತು, ಫರ್ನೇಸ್ ಕ್ರೀಕ್‌ನಲ್ಲಿ 314 ಎಕರೆ. ಇಷ್ಟು ದೊಡ್ಡ ಪಾರ್ಕ್‌ನಲ್ಲಿ 314 ಎಕರೆ. ಅವರ ಹಳ್ಳಿ ಜನ ವಾಸ ಮಾಡುವ ಜಾಗ, ಕ್ಯಾಮೆರಾ ಹಿಡಿದು ನುಗ್ಗಬೇಡಿ.

ಜೋಳದರೊಟ್ಟಿ · ಜನವರಿ 4, ರಾತ್ರಿ 8:31

ಇದು ನನಗೆ ಗೊತ್ತಿರಲಿಲ್ಲ. ಅವರು ಬೇಸಿಗೆಗೆ ಬೆಟ್ಟ ಹತ್ತುತ್ತಿದ್ದರು, ನಾವು ಜೂನ್‌ನಲ್ಲಿ ಕಣಿವೆಗೆ ಇಳಿದೆವು. ಯಾರು ಬುದ್ಧಿವಂತರು ಅಂತ ಹೇಳಬೇಕಿಲ್ಲ.

ಮಳೆಬಿಲ್ಲು · ಜನವರಿ 4, ರಾತ್ರಿ 9:02

ನೀರು ನೀರು ಅನ್ನುತ್ತಿದ್ದೀರಲ್ಲ, ನಾವು ಕ್ಯಾನಿಯನ್ ಒಳಗೆ ಇರುವಾಗಲೇ ಮಳೆ ಬಂದರೆ?

ಕಲ್ಲುಬಂಡೆ · ಜನವರಿ 4, ರಾತ್ರಿ 9:25

ಮಳೆ ನಿಮ್ಮ ತಲೆಯ ಮೇಲೆಯೇ ಬರಬೇಕಿಲ್ಲ. ಹತ್ತು ಮೈಲಿ ಆಚೆ ಬೆಟ್ಟದಲ್ಲಿ ಬಿದ್ದರೂ ಹಳ್ಳಕ್ಕೆ ಬರುತ್ತದೆ, ನಿಮ್ಮ ಕಡೆ ಬಿಸಿಲೇ ಇರಬಹುದು. ಬೆಟ್ಟದ ಮೇಲೆ ಕಪ್ಪು ಮೋಡ ಕಂಡರೆ ಒಳಗೆ ಹೋಗಬೇಡಿ. ಒಳಗಿದ್ದರೆ ಹಳ್ಳದಲ್ಲಿ ಓಡುವುದಕ್ಕಿಂತ ಪಕ್ಕದಲ್ಲಿ ಎತ್ತರಕ್ಕೆ ಹತ್ತಿ.

ಸುಮ್ಮನೆ ಹೆದರಿಸುತ್ತಿಲ್ಲ. 2022ರ ಆಗಸ್ಟ್ 5ರಂದು ಫರ್ನೇಸ್ ಕ್ರೀಕ್‌ನಲ್ಲಿ ಒಂದೇ ದಿನ ಒಂದೂವರೆ ಇಂಚಿನಷ್ಟು ಮಳೆ, ಮುಕ್ಕಾಲು ವರ್ಷದ್ದು. ಜಲ್ಲಿ ಕೆಸರಿನಲ್ಲಿ ಕಾರುಗಳು ಹೂತುಹೋದವು. ಮರುವರ್ಷ ಆಗಸ್ಟ್ 20ಕ್ಕೆ ಹಿಲರಿ ಚಂಡಮಾರುತದ ಬಾಲ ಬಂತು, 2.2 ಇಂಚು, ಒಂದೇ ದಿನ. ಇಡೀ ಪಾರ್ಕ್ ಎರಡು ತಿಂಗಳು ಮುಚ್ಚಿತ್ತು. ಬ್ಯಾಡ್‌ವಾಟರ್‌ನಲ್ಲಿ ಕೆರೆ ನಿಂತಿತು. 2024ರ ಆರಂಭದಲ್ಲಿ ಜನ ಅಲ್ಲಿ ದೋಣಿ ಓಡಿಸಿದರು, ನಾನೂ ಓಡಿಸಿದೆ. ಮೊಣಕಾಲಷ್ಟು ನೀರು, ಅದರಲ್ಲಿ ಟೆಲಿಸ್ಕೋಪ್ ಪೀಕ್ ಹಿಮದ ಸಮೇತ ತಲೆಕೆಳಗಾಗಿ ನಿಂತಿತ್ತು. ಆಮೇಲೆ ಜೋರು ಗಾಳಿ ಬಂದು ಕೆರೆಯನ್ನೇ ಎರಡು ಮೈಲಿ ಉತ್ತರಕ್ಕೆ ತಳ್ಳಿತು. ನೋಡಿ, ಕೊನೆಗೂ ಗಾಳಿಗೆ ಒಂದು ಕೆಲಸ ಸಿಕ್ಕಿತು.

ಸಾಗರದವನು · ಜನವರಿ 4, ರಾತ್ರಿ 9:50

ಅದನ್ನು ಮಾವನಿಗೆ ಓದಿ ಹೇಳಿದೆ. ಗಾಳಿ ಕೆರೆ ತಳ್ಳಿತೋ, ಕೆರೆ ತಾನೇ ನಡೆಯಿತೋ, ಯಾರು ನೋಡಿದ್ದಾರೆ ಅಂದರು. ಒಪ್ಪುವ ಆಸಾಮಿಯಲ್ಲ.

ಅವರ ವಾಪಸ್ ಟಿಕೆಟ್ ಫೆಬ್ರವರಿ 20ಕ್ಕೆ. ಅದರೊಳಗೆ ಇನ್ನೊಂದು ಸಲ ಹೋಗೋಣ ಅನ್ನುತ್ತಿದ್ದಾರೆ, ಮೊಸಾಯಿಕ್‌ಗೆ. ಬಿಸಿಲುಕುದುರೆಯವರೇ, ಆ ಕೊನೆಯ ಅಬ್ಬಿಯ ಪಕ್ಕದಲ್ಲಿ ಹತ್ತುವುದಕ್ಕೆ ದಾರಿ ಇದೆಯಾ? ಇಲ್ಲ ಅಂದರೂ ಅವರು ನೋಡಿಯೇ ತೀರುತ್ತಾರೆ, ಅದಕ್ಕೆ ಮೊದಲೇ ಕೇಳುತ್ತಿದ್ದೇನೆ.

ಬಿಸಿಲುಕುದುರೆ · ಜನವರಿ 4, ರಾತ್ರಿ 10:04

ನಡುವೆ ಒಂದು ಕಡೆ ಬಂಡೆಗಳು ಅಡ್ಡ ಬರುತ್ತವೆ, ಅಲ್ಲಿ ಎಡಕ್ಕೆ ಬಳಸಿ ಹೋಗುವ ಕಾಲುದಾರಿ ಇದೆ. ಕೊನೆಯ ಅಬ್ಬಿಯಲ್ಲಿ ನಿಲ್ಲಿ, ಹತ್ತಬೇಡಿ. ನುಣುಪು ಅಮೃತಶಿಲೆ, ಹತ್ತಿದವರಿಗೆ ಇಳಿಯುವುದು ಕಷ್ಟ. ಮಾವನವರಿಗೆ ನಾನು ಹೇಳಿದೆ ಅಂತ ಹೇಳಿ.

ಮತ್ತೆ ಆ ಕಾರಿಗೆ ಎರಡನೇ ಕೀಲಿ ಇದೆಯಾ?

ಸಾಗರದವನು · ಜನವರಿ 4, ರಾತ್ರಿ 10:06

ಇದೆ. ಅವತ್ತು ಸ್ಯಾನ್ ಹೊಸೆಯಲ್ಲಿ, ಅಡುಗೆಮನೆ ಡ್ರಾಯರ್‌ನಲ್ಲಿತ್ತು.